ಜನವರಿ ಒಂದರಂದು ಹುಟ್ಟಿದವರು

ನಮ್ಮ ಯಾವುದೇ ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತೆರೆದು ನೋಡಿದರೆ, ಮಗುವಿನ ಹೆಸರಿನ ಮುಂದೆ ಹುಟ್ಟಿದ ದಿನ, ತಂದೆತಾಯಿಯರ ಹೆಸರು, ಊರು, ಜ್ಞಾನಪಿತ ಹಾಗೂ ಜ್ಞಾನಮಾತೆಯರ ಹೆಸರು ಇವೆಲ್ಲವೂ ಸಾಲಾಗಿ ಬರೆದಿರುತ್ತವೆ. ಮದುವೆಗೆಂದೋ ಶಾಲೆಗೆಂದೋ ಪ್ರಮಾಣಪತ್ರ ಬೇಕಾದಾಗಲಲ್ಲದೆ ಆ ಪುಸ್ತಕದ ನೆನಪು ನಮ್ಮ ಕುಟುಂಬಗಳಿಗೆ ಬರುವುದಿಲ್ಲ. ಒಬ್ಬ ಮನುಷ್ಯ ಯಾರ ಮಗ, ಎಲ್ಲಿಯವನು, ಎಂದು ಹುಟ್ಟಿದವನು ಎಂಬುದಕ್ಕೆ ಎಲ್ಲೋ ಒಂದು ಕಡೆ ಸಾಕ್ಷಿ ಇದ್ದೇ ಇರುತ್ತದೆ ಎಂಬ ನೆಮ್ಮದಿಯನ್ನು ನಾವು ಉಸಿರಾಟದಷ್ಟೇ ಸಹಜವೆಂದು ಭಾವಿಸಿದ್ದೇವೆ. ಆದರೆ 2000ದ ನವೆಂಬರ್‌ನಿಂದ ಮುಂದಿನ ಒಂದು ವರ್ಷದ ಆಸುಪಾಸಿನಲ್ಲಿ ಕೀನ್ಯಾ ದೇಶದಿಂದ ಅಮೆರಿಕಕ್ಕೆ ಬಂದಿಳಿದ ಸುಮಾರು 3,800 ಮಂದಿ ಸುಡಾನಿನ ಯುವಕರಲ್ಲಿ ಬಹಳಷ್ಟು ಜನರ ಕಾಗದಪತ್ರಗಳಲ್ಲಿ ಹುಟ್ಟಿದ ದಿನ ಒಂದೇ ಆಗಿತ್ತು: ಜನವರಿ 1. ತಾವು ಎಂದು ಹುಟ್ಟಿದೆವೆಂಬುದು ಅವರಿಗೆ ತಿಳಿದಿರಲಿಲ್ಲ. ಹೇಳಬೇಕಾದ ತಾಯಿ ಜೊತೆಯಲ್ಲಿರಲಿಲ್ಲ. ಅಧಿಕಾರಿಗಳು ಮುಖ ನೋಡಿ, ಎತ್ತರ ನೋಡಿ, ಒಂದು ವರ್ಷವನ್ನು ಅಂದಾಜು ಮಾಡಿ ಬರೆದರು. ತಿಂಗಳು ಮತ್ತು ದಿನ ಎಲ್ಲರಿಗೂ ಒಂದೇ.

ನೆರವಿನ ಸಂಸ್ಥೆಗಳ ಕಾರ್ಯಕರ್ತರು ಇವರಿಗೆ ಇಟ್ಟ ಹೆಸರು ‘ಲಾಸ್ಟ್ ಬಾಯ್ಸ್’, ಕಳೆದುಹೋದ ಬಾಲಕರು. ಜೆ. ಎಂ. ಬ್ಯಾರಿಯವರ ‘ಪೀಟರ್ ಪ್ಯಾನ್’ ಎಂಬ ಮಕ್ಕಳ ನಾಟಕದಿಂದ ಎರವಲು ಪಡೆದ ಹೆಸರಿದು. ಆ ಕಥೆಯ ಪೀಟರ್ ಎಂದಿಗೂ ದೊಡ್ಡವನಾಗುವುದಿಲ್ಲ. ಸುಡಾನಿನ ಈ ಬಾಲಕರಾದರೋ ಆರೇಳು ವರ್ಷಕ್ಕೇ ದೊಡ್ಡವರಾಗಬೇಕಾಯಿತು. ಹೆಸರು ನಮಗೆ ಅಷ್ಟಾಗಿ ಒಪ್ಪಿಗೆಯಾಗದಿದ್ದರೂ ಜಗತ್ತು ಅವರನ್ನು ಹಾಗೆಯೇ ಗುರುತಿಸಿರುವುದರಿಂದ ನಾವೂ ಅದನ್ನು ಪೂರ್ತಿಯಾಗಿ ಕೈಬಿಡುವಂತಿಲ್ಲ.

ಇತಿಹಾಸವನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಸುಡಾನ್ 1956ರ ಜನವರಿ 1ರಂದು ಸ್ವತಂತ್ರವಾಯಿತು. ಉತ್ತರದಲ್ಲಿ ಅರಬ್ಬಿ ಮಾತನಾಡುವ ಮುಸ್ಲಿಮರ ಪ್ರಾಬಲ್ಯ. ದಕ್ಷಿಣದಲ್ಲಿ ದಿಂಕಾ, ನುವೆರ್ ಮೊದಲಾದ ಅನೇಕ ಜನಾಂಗಗಳು, ಅವರಲ್ಲಿ ಕ್ರೈಸ್ತರೂ ಪೂರ್ವಿಕರ ನಂಬಿಕೆಗಳನ್ನು ಉಳಿಸಿಕೊಂಡವರೂ ಇದ್ದಾರೆ. ಮೊದಲನೆಯ ಅಂತರ್ಯುದ್ಧ 1972ರ ಆಡಿಸ್ ಅಬಾಬಾ ಒಪ್ಪಂದದಿಂದ ನಿಂತಿತು. 1978ರಲ್ಲಿ ದಕ್ಷಿಣದ ನೆಲದಲ್ಲಿ ಎಣ್ಣೆ ಸಿಕ್ಕಿತು. 1983ರಲ್ಲಿ ಅಧ್ಯಕ್ಷ ನಿಮೇರಿಯವರು ದಕ್ಷಿಣದ ಸ್ವಾಯತ್ತತೆಯನ್ನು ಮುರಿದು ಇಡೀ ದೇಶದ ಮೇಲೆ ಷರಿಯತ್ ಕಾನೂನನ್ನು ಹೇರಿದರು. ಅದೇ ವರ್ಷ ಬೋರ್ ಪಟ್ಟಣದಲ್ಲಿ ದಕ್ಷಿಣದ ಸೈನಿಕರು ದಂಗೆಯೆದ್ದರು; ಜಾನ್ ಗರಾಂಗ್ ಅವರ ನಾಯಕತ್ವದಲ್ಲಿ ಜನ ವಿಮೋಚನಾ ಸೇನೆ ಹುಟ್ಟಿಕೊಂಡಿತು. 2005ರ ಜನವರಿಯಲ್ಲಿ ಶಾಂತಿ ಒಪ್ಪಂದವಾಗುವವರೆಗೆ ಈ ಯುದ್ಧ ಸುಮಾರು 20 ಲಕ್ಷ ಪ್ರಾಣಗಳನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ಇದನ್ನು ಧರ್ಮಯುದ್ಧವೆಂದು ಮಾತ್ರ ಕರೆದು ಸುಮ್ಮನಾಗುವವರು ನಮ್ಮ ನಡುವೆ ಇದ್ದಾರೆ. ಎಣ್ಣೆ, ಹುಲ್ಲುಗಾವಲು, ನೀರು, ಅಧಿಕಾರ ಇವೆಲ್ಲವೂ ಧರ್ಮದ ಹೊದಿಕೆಯನ್ನು ಹೊದ್ದುಕೊಂಡು ಬಂದವೆಂದು ಹೇಳುವುದು ಸತ್ಯಕ್ಕೆ ಹೆಚ್ಚು ಹತ್ತಿರ.

ಮಕ್ಕಳು ಅದರಲ್ಲೂ ಗಂಡುಮಕ್ಕಳೇ ಏಕೆ ಹೀಗೆ ಹೊರಟರು? ಉತ್ತರ ದನಗಳಲ್ಲಿದೆ. ದಿಂಕಾ ಜನರಿಗೆ ದನವೆಂದರೆ ಕೇವಲ ಸಂಪತ್ತಲ್ಲ. ಅಲ್ಲಿನ ಯುವಕ ತನ್ನ ಎತ್ತಿನ ಮೈಬಣ್ಣದಿಂದ ತನಗೊಂದು ಹೆಸರನ್ನು ಪಡೆಯುತ್ತಾನೆ, ಅದರ ಕೊಂಬಿನ ಮೇಲೆ ಹಾಡು ಕಟ್ಟುತ್ತಾನೆ. ಮದುವೆಯಲ್ಲಿ ಹೆಣ್ಣಿನ ಮನೆಗೆ ಹೋಗುವುದೂ ದನಗಳೇ. ಹಟ್ಟಿಯಿಂದ ದೂರದ ಮೇವಿನ ಬಯಲಿನಲ್ಲಿ ದನ ಕಾಯುವುದು ಹುಡುಗರ ಕೆಲಸ. ಎಂಬತ್ತರ ದಶಕದ ಮಧ್ಯಭಾಗದಿಂದ ಕುದುರೆಯೇರಿ ಬಂದ ಸಶಸ್ತ್ರ ದಳಗಳೂ ಸರಕಾರಿ ಸೇನೆಯೂ ಹಳ್ಳಿಗಳ ಮೇಲೆ ಬಿದ್ದಾಗ, ಮನೆಯಲ್ಲಿದ್ದ ಗಂಡಸರು ಕೊಲೆಯಾದರು, ಹೆಂಗಸರೂ ಹೆಣ್ಣುಮಕ್ಕಳೂ ಕೊಲೆಯಾದರು ಇಲ್ಲವೇ ಗುಲಾಮಗಿರಿಗೆ ಒಯ್ಯಲ್ಪಟ್ಟರು. ಬಯಲಿನಲ್ಲಿದ್ದ ಹುಡುಗರು ಹೊಗೆಯನ್ನು ಕಂಡು ಪೊದೆಗಳೊಳಗೆ ಓಡಿದರು. ಊರಿಗೆ ಮರಳುವಂತಿರಲಿಲ್ಲ. ಒಬ್ಬೊಬ್ಬರಾಗಿ ಓಡಿದವರು ದಾರಿಯಲ್ಲಿ ಹತ್ತಾದರು, ನೂರಾದರು, ಕೊನೆಗೆ ಸುಮಾರು 20,000 ಮಂದಿಯಾದರು.

ಅವರು ಪೂರ್ವಕ್ಕೆ, ಇಥಿಯೋಪಿಯದ ಕಡೆಗೆ ನಡೆದರು. ವಾರಗಟ್ಟಲೆ, ತಿಂಗಳುಗಟ್ಟಲೆ ನಡಿಗೆ. ವಿಮಾನಗಳ ಭಯದಿಂದ ರಾತ್ರಿ ನಡೆದು ಹಗಲು ಮಲಗುತ್ತಿದ್ದರು. ಎಲೆ, ಗೆಡ್ಡೆ, ಕಾಡುಹಣ್ಣು ತಿಂದರು. ನೀರಿಲ್ಲದ ಬಯಲಿನಲ್ಲಿ ಕೆಸರನ್ನು ಹಿಂಡಿ ಕುಡಿದರು, ಮೂತ್ರವನ್ನೂ ಕುಡಿದರು. ಸಾಲಿನ ತುದಿಯಲ್ಲಿದ್ದವನನ್ನು ಸಿಂಹ ಎಳೆದೊಯ್ದದ್ದುಂಟು. ಬದುಕುಳಿದವರು ಮುಂದೆ ಹೇಳಿದ ಮಾತುಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ: ಹನ್ನೆರಡು ವರ್ಷದವನು ಏಳು ವರ್ಷದವನ ಕೈ ಹಿಡಿದಿದ್ದನು, ಸತ್ತವನನ್ನು ಹೂಳಲು ಹಿರಿಯರಿಲ್ಲದೆ ಹುಡುಗರೇ ಮಣ್ಣು ತೋಡಿದರು, ತೋಡುವ ತ್ರಾಣವಿಲ್ಲದಾಗ ಎಲೆಯನ್ನು ಮುಚ್ಚಿ ಮುಂದೆ ಹೋದರು. ಅಂತ್ಯಸಂಸ್ಕಾರವನ್ನು ನೆರವೇರಿಸುವುದು ನಮ್ಮ ಗುರುವೃತ್ತಿಯ ಒಂದು ಭಾಗ. ಹತ್ತು ವರ್ಷದ ಬಾಲಕನೊಬ್ಬ ತನ್ನ ಜೊತೆಗಾರನಿಗೆ ಆ ಕೆಲಸವನ್ನು ಮಾಡಿದನೆಂಬುದನ್ನು ಓದುವಾಗ ನಮ್ಮ ಕಣ್ಣು ಆ ಸಾಲಿನಿಂದ ಮುಂದಕ್ಕೆ ಸರಿಯುವುದಿಲ್ಲ.

ಇಥಿಯೋಪಿಯದ ಪಿನ್ಯುಡೊ, ಇತಾಂಗ್, ದಿಮ್ಮಾ ಎಂಬ ಶಿಬಿರಗಳನ್ನು ತಲುಪಿದವರಲ್ಲಿ ಅನೇಕರು ಮೊದಲ ತಿಂಗಳುಗಳಲ್ಲಿಯೇ ಹಸಿವು, ಅತಿಸಾರ, ದಡಾರಗಳಿಂದ ಸತ್ತರು. ಉಳಿದವರು ತಾವೇ ಹುಲ್ಲಿನ ಗುಡಿಸಲುಗಳನ್ನು ಕಟ್ಟಿಕೊಂಡರು. ಗುಂಪುಗುಂಪಾಗಿ ಅಡುಗೆ ಮಾಡಿಕೊಂಡರು. ಮರದ ಕೆಳಗೆ ಅಕ್ಷರ ಕಲಿತರು. ಇಲ್ಲಿ ಒಂದು ಕಹಿಸತ್ಯವನ್ನು ಮರೆಮಾಚುವುದು ಸರಿಯಲ್ಲ. ಈ ಮಕ್ಕಳ ರಕ್ಷಕರೆಂದು ಹೇಳಿಕೊಂಡ ಜನ ವಿಮೋಚನಾ ಸೇನೆಯೇ ಅವರಲ್ಲಿ ಅನೇಕರಿಗೆ ಬಂದೂಕು ಹಿಡಿಯುವುದನ್ನು ಕಲಿಸಿ, ‘ಕೆಂಪು ಸೇನೆ’ ಎಂಬ ಹೆಸರಿನಲ್ಲಿ ಯುದ್ಧಕ್ಕೆ ಸಿದ್ಧಗೊಳಿಸಿತು. ಶಾಲೆಗೆ ಹೋಗುವಿರೆಂದು ನಂಬಿಸಿ ಕರೆದೊಯ್ದ ಮಕ್ಕಳೂ ಇದ್ದರು. ಹೀಗೆ ಒಂದು ಕಡೆ ಕೊಲ್ಲುವವರಿಂದಲೂ ಇನ್ನೊಂದು ಕಡೆ ಕಾಯುವವರಿಂದಲೂ ಆ ಬಾಲ್ಯ ಲೂಟಿಯಾಯಿತು.

1991ರ ಮೇ ತಿಂಗಳಿನಲ್ಲಿ ಇಥಿಯೋಪಿಯದ ಮೆಂಗಿಸ್ಟು ಸರಕಾರ ಉರುಳಿತು. ಹೊಸದಾಗಿ ಅಧಿಕಾರಕ್ಕೆ ಬಂದವರಿಗೆ ಈ ಶಿಬಿರಗಳು ಬೇಡವಾಗಿದ್ದವು. ಮಳೆಗಾಲದಲ್ಲಿ ಉಕ್ಕಿ ಹರಿಯುತ್ತಿದ್ದ ಗಿಲೋ ನದಿಯ ದಡದಲ್ಲಿ, ಹಿಂದಿನಿಂದ ಗುಂಡು ಹಾರುತ್ತಿರುವಾಗ, ಈಜು ಬಾರದ ಬಾಲಕರು ನೀರಿಗೆ ಧುಮುಕಿದರು. ಕೆಲವರನ್ನು ಪ್ರವಾಹ, ಕೆಲವರನ್ನು ಮೊಸಳೆ, ಕೆಲವರನ್ನು ಗುಂಡು ತೆಗೆದುಕೊಂಡಿತು. ಎಷ್ಟು ಮಂದಿ ಎಂದು ಎಣಿಸಿದವರಿಲ್ಲ. ಬದುಕಿ ದಡ ಸೇರಿದವರು ಮತ್ತೆ ಯಾವ ದೇಶದಿಂದ ಓಡಿ ಬಂದಿದ್ದರೋ ಅದೇ ದೇಶದೊಳಗೆ ನಿಂತಿದ್ದರು. ಪೊಚಾಲಾ, ಕಪೋಯಿಟಾಗಳ ಮೂಲಕ ಇನ್ನೊಂದು ವರ್ಷ ಅಲೆದು, 1992ರಲ್ಲಿ ಕೀನ್ಯಾದ ಗಡಿಯನ್ನು ದಾಟಿದಾಗ ಅವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಒಟ್ಟು ನಡೆದ ದೂರ ಸಾವಿರ ಕಿಲೋಮೀಟರನ್ನು ಮೀರುತ್ತದೆ.

ಅವರಿಗಾಗಿಯೇ ತೆರೆದ ಶಿಬಿರ ಕಾಕುಮಾ. ಕೀನ್ಯಾದ ವಾಯವ್ಯ ಮೂಲೆಯಲ್ಲಿ, ತುರ್ಕಾನಾ ಜನರ ಒಣನೆಲದಲ್ಲಿ, ಧೂಳಿನ ಬಿರುಗಾಳಿ ಏಳುವ ಜಾಗ. ಹದಿನೈದು ದಿನಕ್ಕೊಮ್ಮೆ ಪಡಿತರ: ಜೋಳದ ಹಿಟ್ಟು, ಬೇಳೆ, ಎಣ್ಣೆ. ದಿನಕ್ಕೆ ಒಂದು ಊಟ ಮಾಡಿದರೆ ಮಾತ್ರ ಹದಿನೈದು ದಿನ ಸಾಗುತ್ತಿತ್ತು. ಕೊನೆಯ ಎರಡು ಮೂರು ದಿನ ಬರಿಹೊಟ್ಟೆ. ಶಿಬಿರದ ಹೊರಗೆ ಹೋಗಿ ದುಡಿಯಲು ಅಂದಿನ ಕೀನ್ಯಾ ಸರಕಾರದ ಅನುಮತಿ ಇರಲಿಲ್ಲ. ಹಾಗಾಗಿ ಅವರು ಓದಿದರು. ಪುಸ್ತಕವಿಲ್ಲದೆ ಮಣ್ಣಿನ ಮೇಲೆ ಬೆರಳಿನಿಂದ ಬರೆದು ಇಂಗ್ಲಿಷ್ ಕಲಿತು, ಕೀನ್ಯಾದ ಸಾರ್ವಜನಿಕ ಪರೀಕ್ಷೆಗಳಿಗೆ ಕುಳಿತರು. ಯೇಸುಸಭೆಯ ಗುರು ಪೇದ್ರೊ ಅರೂಪೆಯವರು 1980ರಲ್ಲಿ, ವಿಯೆಟ್ನಾಮಿನಿಂದ ದೋಣಿಗಳಲ್ಲಿ ಓಡಿಬಂದವರ ಸ್ಥಿತಿಯನ್ನು ಕಂಡು ಸ್ಥಾಪಿಸಿದ ನಿರಾಶ್ರಿತರ ಸೇವಾ ಸಂಸ್ಥೆ ಇಲ್ಲಿಯೂ ಕೆಲಸ ಮಾಡಿತು. ಡಾನ್ ಬಾಸ್ಕೋ ಸಭೆಯವರು ಬಡಗಿ, ಗಾರೆ, ಬೆಸುಗೆಯಂಥ ಕಸುಬುಗಳನ್ನು ಕಲಿಸುವ ತರಬೇತಿ ಶಾಲೆಯನ್ನು ನಡೆಸಿದರು. ತಾಯಿ ಇಲ್ಲ, ತಂದೆ ಇಲ್ಲ, ವಿದ್ಯೆಯೇ ನಮಗೆ ತಾಯಿ ತಂದೆ ಎಂಬ ಭಾವನೆ ಈ ಹುಡುಗರಲ್ಲಿ ಗಾಢವಾಗಿತ್ತೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಟ್ಯೂಷನ್ನಿಗೆ ಹೋಗಲು ಗೊಣಗುವ ನಮ್ಮ ಮಕ್ಕಳಿಗೆ ಇದನ್ನು ಓದಿ ಹೇಳಿರೆಂದು ನಾವು ಸಲಹೆ ಮಾಡುವುದಿಲ್ಲ. ಹೋಲಿಕೆ ಮಾಡಿ ಮಕ್ಕಳನ್ನು ನಾಚಿಸುವುದು ಉಪದೇಶವಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಇವರ ಬಗ್ಗೆ ಲೋಕ ಕಡಿಮೆ ಮಾತನಾಡಿದೆ. ಹುಡುಗಿಯರೂ ನಡೆದಿದ್ದರು, ನದಿಯನ್ನೂ ದಾಟಿದ್ದರು. ಆದರೆ ಶಿಬಿರ ತಲುಪಿದ ಮೇಲೆ, ಒಂಟಿ ಹೆಣ್ಣುಮಗು ಗುಡಿಸಲಿನಲ್ಲಿರಬಾರದೆಂಬ ಸಂಪ್ರದಾಯದಂತೆ ಅವರನ್ನು ಪರಿಚಿತ ಕುಟುಂಬಗಳಿಗೆ ಒಪ್ಪಿಸಲಾಯಿತು. ಆ ಮನೆಗಳಲ್ಲಿ ನೀರು ಹೊತ್ತು, ಅಡುಗೆ ಮಾಡಿ, ಮಕ್ಕಳನ್ನು ಎತ್ತಿ ಆಡಿಸಿ ಬೆಳೆದರು. ಮುಂದೆ ಮದುವೆಯಾದರೆ ಸಾಕಿದವರಿಗೆ ದನಗಳು ಬರುತ್ತವೆಂಬ ಲೆಕ್ಕವೂ ಇತ್ತು. ಅಮೆರಿಕಕ್ಕೆ ಕಳುಹಿಸಲು ‘ಪೋಷಕರಿಲ್ಲದ ಮಕ್ಕಳ’ ಪಟ್ಟಿಯನ್ನು ತಯಾರಿಸಿದಾಗ, ಕುಟುಂಬದಲ್ಲಿದ್ದ ಈ ಹುಡುಗಿಯರು ಪೋಷಕರಿಲ್ಲದವರೆಂದು ಲೆಕ್ಕಕ್ಕೆ ಬರಲಿಲ್ಲ. ಹೋದ ಸುಮಾರು 3,800 ಮಂದಿಯಲ್ಲಿ ಹುಡುಗಿಯರು 89. ಯಾವ ವ್ಯವಸ್ಥೆ ಅವರನ್ನು ರಕ್ಷಿಸಿತೋ ಅದೇ ವ್ಯವಸ್ಥೆ ಅವರನ್ನು ಮರೆಯಾಗಿಸಿತು. ತರ್ಕಶಾಸ್ತ್ರದ ಪಾಠದಲ್ಲಿ ನಾವು ಕಲಿತ ಒಂದು ಮಾತು ಇಲ್ಲಿ ನೆನಪಾಗುತ್ತದೆ: ವರ್ಗೀಕರಣದ ಪದವೊಂದನ್ನು ಆರಿಸಿದಾಗಲೇ ತೀರ್ಮಾನದ ಅರ್ಧ ಮುಗಿದಿರುತ್ತದೆ.

ನಿರಾಶ್ರಿತರಿಗೆ ಮೂರು ದಾರಿಗಳಿವೆಯೆಂದು ವಿಶ್ವಸಂಸ್ಥೆಯ ಪರಿಭಾಷೆ ಹೇಳುತ್ತದೆ. ಶಾಂತಿ ನೆಲೆಸಿದರೆ ಸ್ವದೇಶಕ್ಕೆ ಮರಳುವುದು, ಆಶ್ರಯ ಕೊಟ್ಟ ದೇಶದಲ್ಲೇ ಬೆರೆಯುವುದು, ಮೂರನೆಯ ದೇಶವೊಂದರಲ್ಲಿ ನೆಲೆ ಕಾಣುವುದು. ಮೂರನೆಯದು ಜಗತ್ತಿನ ನಿರಾಶ್ರಿತರಲ್ಲಿ ನೂರಕ್ಕೆ ಒಬ್ಬನಿಗೂ ದೊರೆಯುವುದಿಲ್ಲ. ಕಾಕುಮಾದ ಹುಡುಗರಿಗೆ ಅದು ದೊರೆಯಿತು. ಶಿಬಿರದ ಫಲಕದಲ್ಲಿ ಹೆಸರುಗಳ ಪಟ್ಟಿಯನ್ನು ಅಂಟಿಸುತ್ತಿದ್ದರು; ಹುಡುಗರು ಗುಂಪುಗೂಡಿ ತಮ್ಮ ಹೆಸರನ್ನು ಹುಡುಕುತ್ತಿದ್ದರು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಉರುಳಿದ ಬಳಿಕ ವಿಮಾನಗಳು ನಿಂತವು. ಪಟ್ಟಿಯಲ್ಲಿದ್ದೂ ಹೋಗಲಾಗದೆ ಉಳಿದ ನೂರಾರು ಮಂದಿ ಮತ್ತೆ ವರ್ಷಗಟ್ಟಲೆ ಕಾದರು.

ಅಮೆರಿಕದಲ್ಲಿ ಅವರನ್ನು ಬರಮಾಡಿಕೊಂಡ ಸಂಸ್ಥೆಗಳಲ್ಲಿ ಆ ದೇಶದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ವಲಸೆ ಸೇವಾ ವಿಭಾಗವೂ, ಧರ್ಮಪ್ರಾಂತ್ಯಗಳ ಕ್ಯಾಥೊಲಿಕ್ ಚಾರಿಟೀಸ್ ಸಂಸ್ಥೆಗಳೂ, ಲೂಥರನ್ ಸಭೆಯ ಸೇವಾಸಂಸ್ಥೆಯೂ ಮುಂಚೂಣಿಯಲ್ಲಿದ್ದವು. ಇಲ್ಲಿ ಮತ್ತೆ ಅಂದಾಜಿನ ಆ ಜನವರಿ 1 ಎಷ್ಟೋ ಬಾಳುಗಳ ಗತಿಯನ್ನು ನಿರ್ಧರಿಸಿತು. ಹದಿನೆಂಟಕ್ಕೆ ಕಡಿಮೆಯೆಂದು ಬರೆಯಲ್ಪಟ್ಟವನಿಗೆ ಸಾಕುಕುಟುಂಬ, ಪ್ರೌಢಶಾಲೆ, ಸಂಜೆ ಊಟಕ್ಕೆ ಕಾಯುವ ಒಬ್ಬ ತಾಯಿ. ಹದಿನೆಂಟು ದಾಟಿದವನೆಂದು ಬರೆಯಲ್ಪಟ್ಟವನಿಗೆ ಮೂರು ನಾಲ್ಕು ಮಂದಿ ಹಂಚಿಕೊಳ್ಳುವ ಬಾಡಿಗೆ ಕೋಣೆ, ಕೆಲವು ತಿಂಗಳ ಸಹಾಯಧನ, ಅದರ ನಂತರ ಮಾಂಸದ ಕಾರ್ಖಾನೆಯಲ್ಲೋ ಹೋಟೆಲಿನಲ್ಲೋ ಉಗ್ರಾಣದಲ್ಲೋ ರಾತ್ರಿ ಪಾಳಿ. ತಮ್ಮನ್ನು ಕರೆತಂದ ವಿಮಾನದ ಟಿಕೆಟಿನ ಹಣವೂ ಸಾಲವೇ ಆಗಿತ್ತು, ಕಂತುಕಂತಾಗಿ ತೀರಿಸಬೇಕಿತ್ತು. ಓದಬೇಕೆಂದು ಬಂದವನಿಗೆ ಓದಲು ಉಳಿಯುತ್ತಿದ್ದದ್ದು ನಿದ್ರೆಯ ಸಮಯ. ಇದರ ಮೇಲೆ ಕಾಕುಮಾದಿಂದ, ಮುಂದೆ ಜುಬಾದಿಂದ ಬರುವ ದೂರವಾಣಿ ಕರೆಗಳು: ತಮ್ಮನ ಶಾಲಾ ಶುಲ್ಕ, ಅತ್ತೆಯ ಔಷಧಿ. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಕುಟುಂಬಗಳಿಗೆ ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹುಡುಗರ ಕುರಿತು 2006ರಲ್ಲಿ ಬಂದ ‘ಗಾಡ್ ಗ್ರೂ ಟೈರ್ಡ್ ಆಫ್ ಅಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ಎರಡು ಪ್ರಸಂಗಗಳಿವೆ. ಒಂದರಲ್ಲಿ, ಕ್ರಿಸ್ಮಸ್ ಕಾಲದ ಅಂಗಡಿಬೀದಿಯನ್ನು ಕಂಡ ಹುಡುಗರು, ಈ ಅಲಂಕೃತ ಮರಕ್ಕೂ ಕೆಂಪಂಗಿಯ ಮುದುಕನಿಗೂ ಯೇಸುವಿನ ಜನನಕ್ಕೂ ಏನು ಸಂಬಂಧವೆಂದು ವಿಸ್ಮಯಪಡುತ್ತಾರೆ. ಕಾಕುಮಾದಲ್ಲಿ ಅವರಿಗೆ ಕ್ರಿಸ್ತಜಯಂತಿಯೆಂದರೆ ಎಲ್ಲರೂ ಕೂಡಿ ಧೂಳೆಬ್ಬಿಸುತ್ತ ಹಾಡಿ ಕುಣಿಯುವ ಹಬ್ಬವಾಗಿತ್ತು. ಆ ಪ್ರಶ್ನೆಗೆ ನಮ್ಮಲ್ಲಿಯೂ ಸುಲಭದ ಉತ್ತರವಿಲ್ಲ.

ಎರಡನೆಯದು ಇದಕ್ಕಿಂತ ಗಂಭೀರ. ಪಿಟ್ಸ್‌ಬರ್ಗ್ ನಗರದಲ್ಲಿ ಈ ಯುವಕರು ತಮ್ಮ ಅಭ್ಯಾಸದಂತೆ ಗುಂಪಾಗಿ ಅಂಗಡಿಗೆ ಹೋದಾಗ, ಎತ್ತರದ ಕಪ್ಪು ಗಂಡಸರ ತಂಡವೊಂದು ಒಳಬಂದುದನ್ನು ಕಂಡು ಅಂಗಡಿಯವರು ಹೆದರಿದರು. ಪೋಲಿಸರಿಗೆ ದೂರು ಹೋಯಿತು. ಇನ್ನು ಮುಂದೆ ಒಟ್ಟಾಗಿ ಓಡಾಡಬೇಡಿ, ಒಬ್ಬೊಬ್ಬರೇ ಹೋಗಿ ಎಂದು ಅವರಿಗೆ ತಿಳಿಸಲಾಯಿತು. ಯೋಚಿಸಿ ನೋಡಿ: ಸಿಂಹಗಳಿಂದ, ಸೈನಿಕರಿಂದ, ಹಸಿವಿನಿಂದ ಅವರು ಉಳಿದದ್ದೇ ಒಟ್ಟಾಗಿ ನಡೆದದ್ದರಿಂದ. ಸಾಲಿನಿಂದ ಹೊರಗುಳಿದವನು ಸಾಯುತ್ತಿದ್ದನು. ಸುರಕ್ಷಿತ ದೇಶಕ್ಕೆ ಬಂದ ಮೇಲೆ ಅವರಿಗೆ ದೊರೆತ ಮೊದಲ ಪಾಠಗಳಲ್ಲಿ ಒಂದು, ಸಾಲಿನಿಂದ ಹೊರಗೆ ಬಾ ಎಂಬುದು.

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದುವಾಗ ನಮಗೆ ಡೆಕಾರ್ಟ್‌ನನ್ನು ಮೊದಲು ಕಲಿಸುತ್ತಿದ್ದರು. ಕೋಣೆಯೊಳಗೆ ಒಂಟಿಯಾಗಿ ಕುಳಿತು, ಎಲ್ಲವನ್ನೂ ಸಂಶಯಿಸಿ, ಕೊನೆಗೆ ‘ನಾನು’ ಎಂಬ ಒಂದೇ ಬಂಡೆಯ ಮೇಲೆ ನಿಲ್ಲುವ ಚಿಂತಕ ಅವನು. ಕೀನ್ಯಾದ ಚಿಂತಕ ಜಾನ್ ಎಂಬಿಟಿಯವರು 1969ರಲ್ಲಿ ಆಫ್ರಿಕದ ಧರ್ಮಗಳನ್ನೂ ತತ್ವಚಿಂತನೆಯನ್ನೂ ಕುರಿತು ಬರೆದ ಗ್ರಂಥದಲ್ಲಿ ಬೇರೊಂದು ದಾರಿಯನ್ನು ತೋರಿಸಿದರು: ಅಲ್ಲಿನ ಮನುಷ್ಯ ತನ್ನನ್ನು ಅರಿಯುವುದೇ ತನ್ನವರ ಮೂಲಕ, ‘ನಾವು’ ಇಲ್ಲದೆ ಅಲ್ಲಿ ‘ನಾನು’ ಹುಟ್ಟುವುದಿಲ್ಲ. ಹೀಗಿರುವಾಗ ಮರುವಸತಿ ಎಂಬ ಪದದ ಅರ್ಥವೇನು? ಒಂದು ಕೋಣೆ, ಒಂದು ಬೀಗದ ಕೈ, ಒಂದು ಕೆಲಸ ಇವಿಷ್ಟನ್ನು ಕೊಟ್ಟರೆ ಒಬ್ಬ ವ್ಯಕ್ತಿಗೆ ನೆಲೆ ಕೊಟ್ಟಂತಾಯಿತೆಂದು ಸರಕಾರಗಳು ತಿಳಿಯುತ್ತವೆ. ಜೀವ ಉಳಿಸುವುದಕ್ಕೆ ಅದು ಸಾಕು, ಅದನ್ನು ಕಡೆಗಣಿಸಿ ಮಾತನಾಡುವ ಹಕ್ಕು ಬೆಚ್ಚಗೆ ಕುಳಿತು ಬರೆಯುವ ನಮಗಿಲ್ಲ. ಆದರೂ ಆ ಮೊದಲ ವರ್ಷಗಳಲ್ಲಿ ಹಲವರನ್ನು ಕುಗ್ಗಿಸಿದ್ದು ಬಡತನಕ್ಕಿಂತ ಏಕಾಂತವೇ ಎಂಬುದನ್ನು ಅವರ ಮಾತುಗಳೇ ಹೇಳುತ್ತವೆ. ಪಕ್ಕದ ಮನೆಯವನ ಹೆಸರು ಗೊತ್ತಿಲ್ಲದ ಬೀದಿ ಅವರಿಗೆ ಅರ್ಥವಾಗಲಿಲ್ಲ.

ಲೋಪೆಜ್ ಲೋಮಾಂಗ್ ಎಂಬವರ ಕಥೆ ಎಲ್ಲರಿಗೂ ಪ್ರಿಯ. 1991ರ ಒಂದು ಭಾನುವಾರ, ದಕ್ಷಿಣ ಸುಡಾನಿನ ಕಿಮೊಟಾಂಗ್ ಎಂಬ ಹಳ್ಳಿಯಲ್ಲಿ ಬಲಿಪೂಜೆ ನಡೆಯುತ್ತಿದ್ದಾಗಲೇ ಸಶಸ್ತ್ರ ಯೋಧರು ನುಗ್ಗಿ ತಾಯಿಯ ತೋಳಿನಿಂದ ಆರು ವರ್ಷದ ಅವರನ್ನು ಕಿತ್ತುಕೊಂಡರು. ಮಕ್ಕಳನ್ನು ಸೈನಿಕರಾಗಿಸುವ ಗುಡಿಸಲಿನಲ್ಲಿ ಮರಳು ಬೆರೆತ ಧಾನ್ಯವನ್ನು ತಿಂದು ಅನೇಕರು ಸತ್ತರು. ಅದೇ ಊರಿನ ಮೂವರು ದೊಡ್ಡ ಹುಡುಗರು ಅವರನ್ನು ಬೇಲಿಯ ಸಂದಿನಿಂದ ಹೊರಗೆ ಎಳೆದುಕೊಂಡು ಮೂರು ದಿನ ಓಡಿ ಕೀನ್ಯಾ ಸೇರಿದರು. ಕಾಕುಮಾದಲ್ಲಿ ಹತ್ತು ವರ್ಷ. 2000ದಲ್ಲಿ ಕೆಲವು ಮೈಲಿ ನಡೆದು, ಕಪ್ಪುಬಿಳುಪು ದೂರದರ್ಶನದಲ್ಲಿ ಸಿಡ್ನಿ ಒಲಿಂಪಿಕ್ಸಿನ ಓಟಗಾರ ಮೈಕೆಲ್ ಜಾನ್ಸನ್‌ರನ್ನು ಕಂಡರು. 2001ರಲ್ಲಿ ಕ್ಯಾಥೊಲಿಕ್ ಚಾರಿಟೀಸ್ ಮೂಲಕ ನ್ಯೂಯಾರ್ಕ್ ರಾಜ್ಯದ ಟಲಿ ಎಂಬ ಚಿಕ್ಕ ಊರಿನ ಕುಟುಂಬವೊಂದಕ್ಕೆ ಮಗನಾಗಿ ಬಂದರು. ಮೊದಲ ರಾತ್ರಿ ದೀಪ ಆರಿಸುವ ಗುಂಡಿ ಎಲ್ಲಿದೆಯೆಂದು ತಿಳಿಯದೆ ಬೆಳಕಿನಲ್ಲಿಯೇ ಮಲಗಿದರು. ಏಳು ವರ್ಷಗಳ ನಂತರ, 2008ರ ಆಗಸ್ಟ್ 8ರಂದು, ಬೀಜಿಂಗ್ ಒಲಿಂಪಿಕ್ಸಿನ ಉದ್ಘಾಟನೆಯಲ್ಲಿ ಅಮೆರಿಕದ ಧ್ವಜವನ್ನು ಹಿಡಿದು ಮುಂದೆ ನಡೆದವರು ಅವರೇ. ಪತ್ರಿಕೆಗಳು ಧ್ವಜದ ಚಿತ್ರವನ್ನು ಮುದ್ರಿಸಿದವು. ನಮ್ಮನ್ನು ಹೆಚ್ಚು ತಡೆದು ನಿಲ್ಲಿಸುವುದು ಅದಕ್ಕೆ ಹಿಂದಿನ ವರ್ಷದ ಸಂಗತಿ. ಮಗ ಸತ್ತನೆಂದು ನಂಬಿದ ಕುಟುಂಬ ಎಂದೋ ಅವರ ಅಂತ್ಯಕ್ರಿಯೆಯನ್ನು ಮುಗಿಸಿತ್ತು. 2007ರಲ್ಲಿ ಊರಿಗೆ ಹೋದ ಲೋಮಾಂಗ್ ತಮ್ಮದೇ ಸಮಾಧಿಯ ಮುಂದೆ ನಿಂತರು.

ಯಶಸ್ಸಿನ ಇಂಥ ಕಥೆಗಳಿಂದ ಒಂದು ಅಪಾಯವೂ ಇದೆ. ಓಟದಲ್ಲಿ ಗೆದ್ದವನು ಮಾತ್ರ ಆಶ್ರಯಕ್ಕೆ ಅರ್ಹನಾಗಿದ್ದನೆಂಬಂತೆ ಅವು ಕೇಳಿಸುತ್ತವೆ. ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಹೊತ್ತು, ಟಿಕೆಟಿನ ಸಾಲ ತೀರಿಸಿ, ಯಾರ ಗಮನಕ್ಕೂ ಬಾರದೆ ಬಾಳಿದವನೂ ಅಷ್ಟೇ ಅರ್ಹನಾಗಿದ್ದನು. ಕುಡಿತಕ್ಕೆ ಬಿದ್ದವನೂ ಅರ್ಹನಾಗಿದ್ದನು.

ಹಿಂದಿರುಗಿ ನೋಡಿದವರು ಹಲವರು. ಹನ್ನೊಂದನೆಯ ವಯಸ್ಸಿನಲ್ಲಿ ಓಡಿಹೋಗಿದ್ದ ಸಾಲ್ವಾ ದುತ್, ತಮ್ಮ ತಂದೆ ಕೊಳಕುನೀರಿನ ರೋಗದಿಂದ ನರಳುತ್ತಿದ್ದುದನ್ನು ಕಂಡು 2003ರಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. ಅದು ದಕ್ಷಿಣ ಸುಡಾನಿನಲ್ಲಿ ನೂರಾರು ಕೊಳವೆಬಾವಿಗಳನ್ನು ಕೊರೆಸಿದೆ. ಜಾನ್ ದಾವು 2007ರಲ್ಲಿ ತಮ್ಮ ದುಕ್ ಪ್ರದೇಶದಲ್ಲಿ ಚಿಕಿತ್ಸಾಲಯ ತೆರೆದರು. ವ್ಯಾಲೆಂಟಿನೊ ಅಚಕ್ ದೆಂಗ್ 2009ರಲ್ಲಿ ಮರಿಯಲ್ ಬಾಯಿ ಎಂಬ ತಮ್ಮ ಊರಿನಲ್ಲಿ ಪ್ರೌಢಶಾಲೆ ಕಟ್ಟಿಸಿದರು. 2011ರ ಜುಲೈ 9ರಂದು ದಕ್ಷಿಣ ಸುಡಾನ್ ಸ್ವತಂತ್ರ ದೇಶವಾದಾಗ ಅಮೆರಿಕದ ಹತ್ತಾರು ನಗರಗಳಲ್ಲಿ ಈ ಬಾಲಕರು ಕುಣಿದರು. ಎರಡೂವರೆ ವರ್ಷ ಕಳೆಯುವ ಮೊದಲೇ, 2013ರ ಡಿಸೆಂಬರಿನಲ್ಲಿ, ಸ್ವತಂತ್ರ ದೇಶದ ನಾಯಕರೇ ಪರಸ್ಪರ ಕಾದಾಡಿದರು. ಜಗದ್ಗುರು ಫ್ರಾನ್ಸಿಸ್‌ರವರು 2019ರ ಏಪ್ರಿಲಿನಲ್ಲಿ ಆ ನಾಯಕರನ್ನು ವ್ಯಾಟಿಕನ್ನಿಗೆ ಕರೆಸಿ, ವೃದ್ಧಾಪ್ಯದ ಮೊಣಕಾಲೂರಿ ಅವರ ಪಾದಗಳನ್ನು ಮುತ್ತಿಟ್ಟರು. 2023ರ ಫೆಬ್ರವರಿಯಲ್ಲಿ ಜುಬಾಕ್ಕೂ ಹೋದರು.

ಆ ನೆಲದ ಒಬ್ಬ ಸಂತಳನ್ನು ನಮ್ಮ ಓದುಗರು ಬಲ್ಲರು. ದಾರ್ಫುರ್‌ನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಗುಲಾಮರ ವ್ಯಾಪಾರಿಗಳ ಪಾಲಾದ ಜೋಸೆಫಿನ್ ಬಖಿತಾ, ಭಯದಿಂದ ತನ್ನ ಹೆಸರನ್ನೇ ಮರೆತಿದ್ದಳು. ಅದೃಷ್ಟವಂತೆ ಎಂಬ ಅರ್ಥದ ಆ ಅರಬ್ಬಿ ಹೆಸರು ಹಿಡಿದವರು ಇಟ್ಟದ್ದು. ಮುಂದೆ ಇಟಲಿಯಲ್ಲಿ ಕನೊಸ್ಸಾ ಸಭೆಯ ಕನ್ಯಾಸ್ತ್ರೀಯಾದಳು. ಎರಡನೆಯ ಜಾನ್ ಪಾಲ್ ಅವರು ಆಕೆಯನ್ನು ಸಂತಳೆಂದು ಘೋಷಿಸಿದ್ದು 2000ದ ಅಕ್ಟೋಬರ್ 1ರಂದು. ಹುಟ್ಟಿದ ದಿನ ಮರೆತ ಹುಡುಗರ ಮೊದಲ ತಂಡ ವಿಮಾನ ಏರಿದ್ದು ಮುಂದಿನ ತಿಂಗಳು.

2023ರ ಏಪ್ರಿಲ್ 15ರಂದು ಉತ್ತರದ ಸುಡಾನಿನಲ್ಲಿಯೇ ಎರಡು ಸೇನೆಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಮೂಲಿಕೆ ಔಷಧಿಗಳನ್ನು ಮಾರಲು ಹೋಗಿದ್ದ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಕುಟುಂಬಗಳು ಅಲ್ಲಿ ಸಿಲುಕಿ, ‘ಆಪರೇಷನ್ ಕಾವೇರಿ’ಯ ಮೂಲಕ ಮರಳಿದ್ದು ಓದುಗರಿಗೆ ನೆನಪಿರಬಹುದು. ಅವರಿಗೆ ಕರೆಸಿಕೊಳ್ಳುವ ಒಂದು ದೇಶವಿತ್ತು. ಅಲ್ಲಿ ಮನೆಬಿಟ್ಟ ಸುಡಾನಿಯರ ಸಂಖ್ಯೆ ಒಂದು ಕೋಟಿಯನ್ನು ಮೀರಿತು. ಅವರಲ್ಲಿ ಅರ್ಧದಷ್ಟು ಮಕ್ಕಳು.

2025ರ ಜನವರಿಯಲ್ಲಿ ಅಮೆರಿಕ ಸರಕಾರ ನಿರಾಶ್ರಿತರನ್ನು ಸೇರಿಸಿಕೊಳ್ಳುವ ಕಾರ್ಯಕ್ರಮವನ್ನು ತಡೆಹಿಡಿಯಿತು. ಏಪ್ರಿಲಿನಲ್ಲಿ ಆ ದೇಶದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ, ನಿರಾಶ್ರಿತರ ಮತ್ತು ಒಂಟಿಮಕ್ಕಳ ಸೇವೆಗಾಗಿ ಸರಕಾರದೊಡನೆ ದಶಕಗಳಿಂದ ಮಾಡಿಕೊಂಡು ಬಂದಿದ್ದ ಒಪ್ಪಂದಗಳನ್ನು ಇನ್ನು ನವೀಕರಿಸುವುದಿಲ್ಲವೆಂದು ಪ್ರಕಟಿಸಿತು. ಅದೇ ವರ್ಷ ಕಾಕುಮಾದಲ್ಲಿ ಪಡಿತರವನ್ನು ಕಡಿತಗೊಳಿಸಲಾಯಿತು. 1992ರಲ್ಲಿ ಕೆಲವು ಸಾವಿರ ಬಾಲಕರಿಗಾಗಿ ತೆರೆದ ಆ ಶಿಬಿರದಲ್ಲಿ ಈಗ ಲಕ್ಷಗಟ್ಟಲೆ ಜನರಿದ್ದಾರೆ.